ತಮ್ಮನ ರಕ್ತದಲ್ಲಿ ಉಪ್ಪು ಇಳಿದ ಬೇಸಿಗೆ

ಇದು ೧೯೮೭ರ ಮೇ ತಿಂಗಳಲ್ಲಿ ನಡೆದದ್ದು. ಆಗ ನಾನು ಆಳಂದ ತಾಲ್ಲೂಕಿನ ಹಿರೋಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದೆ. ಬೇಸಿಗೆ ರಜೆ ಬಿಟ್ಟಿದ್ದೇ ತಡ, ಟ್ರಂಕು ಕಟ್ಟಿಕೊಂಡು ಅಫಜಲಪುರದ ನಮ್ಮ ಮನೆಗೆ ಬಂದಿದ್ದೆ. ಮನೆಯಲ್ಲಿ ಅಪ್ಪ, ಅವ್ವ ಮತ್ತು ನನಗಿಂತ ಚಿಕ್ಕವನಾದ ತಮ್ಮ ಮಲ್ಲಿನಾಥ. ಅಪ್ಪನದು ಹಿಟ್ಟಿನ ಗಿರಣಿ. ಊರಲ್ಲಿ ಅರ್ಧ ಜನ ನಮ್ಮ ಗಿರಣಿಯ ಜೋಳದ ಹಿಟ್ಟಿನಲ್ಲೇ ರೊಟ್ಟಿ ಬಡಿಯುತ್ತಿದ್ದರು.

ಮಲ್ಲಿನಾಥ ಪಿಯುಸಿ ಮುಗಿಸಿ ಅಪ್ಪನ ಜೊತೆ ಗಿರಣಿಯಲ್ಲಿ ನಿಲ್ಲುತ್ತಿದ್ದ. ಚುರುಕಾದ ಹುಡುಗ. ಅದಕ್ಕೆ ಎರಡು ವರ್ಷದ ಹಿಂದೆ ಇದ್ದಕ್ಕಿದ್ದಂತೆ ಅವನು ಬದಲಾಗತೊಡಗಿದ. ನಡುಮಧ್ಯೆ ಗಿರಣಿ ಬಂದ್ ಮಾಡಿ ಕಲ್ಲಿಗೆ ಕಿವಿ ಹಚ್ಚಿ ಕೂರುತ್ತಿದ್ದ. ಒಳಗಿನಿಂದ ಯಾರೋ ತನ್ನ ಹೆಸರು ಹಿಡಿದು ಕರೆಯುತ್ತಾರೆ ಎನ್ನುತ್ತಿದ್ದ. ಸ್ನಾನ ಬಿಟ್ಟ, ಗೆಳೆಯರನ್ನು ಬಿಟ್ಟ. ಒಬ್ಬನೇ ಕೂತು ನಗುತ್ತಿದ್ದ. ತಾಯಿತ ಕಟ್ಟಿಸಿದ್ದಾಯಿತು, ನಿಂಬೆಹಣ್ಣು ಇಳಿ ತೆಗೆದದ್ದಾಯಿತು. ಕೊನೆಗೆ ನಾನೇ ಜಗಳ ಮಾಡಿ, ಅಪ್ಪನನ್ನೂ ಹೊರಡಿಸಿ, ಸೊಲ್ಲಾಪುರದ ಮನೋರೋಗದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ನಮ್ಮ ಕಡೆಯವರಿಗೆ ದೊಡ್ಡ ಬೇನೆ ಬಂದರೆ ಗುಲಬರ್ಗಾ ಇಲ್ಲವೇ ಸೊಲ್ಲಾಪುರ, ಎರಡೇ ದಾರಿ.

ಅಲ್ಲಿ ಡಾಕ್ಟರು ಬಹಳ ಹೊತ್ತು ಅವನ ಜೊತೆ ಮಾತಾಡಿದರು. ಬೇರೆ ಯಾವ ಕಾಯಿಲೆಯಿಂದಲಾದರೂ ಹೀಗಾಗಿದೆಯೇ ಎಂದು ತಿಳಿಯಲು ರಕ್ತ, ಮೂತ್ರ ಎಲ್ಲ ಪರೀಕ್ಷೆ ಮಾಡಿಸಿದರು. ನಂತರ ಅಪ್ಪನನ್ನು ಕೂರಿಸಿಕೊಂಡು ಇದಕ್ಕೆ ಸ್ಕಿಜೋಫ್ರೇನಿಯಾ ಎನ್ನುತ್ತಾರೆ, ರಕ್ತ ಮೂತ್ರ ಎಲ್ಲ ನಾರ್ಮಲ್ ಇದೆ, ಆದರೆ ಗುಳಿಗೆ ಮಾತ್ರ ದಿನವೂ ತಪ್ಪದೆ ಕೊಡಬೇಕು ಎಂದರು. ಅಪ್ಪನ ಕಿವಿಗೆ ಬಿದ್ದದ್ದು 'ನಾರ್ಮಲ್' ಎಂಬ ಒಂದೇ ಶಬ್ದ. ಉಳಿದದ್ದೆಲ್ಲ ಸೊಲ್ಲಾಪುರದಲ್ಲೇ ಉಳಿಯಿತು.

ಅವತ್ತಿನಿಂದ ಆ ರಿಪೋರ್ಟು ಅಪ್ಪನ ಅಂಗಿಯ ಕಿಸೆಯಲ್ಲೇ ವಾಸ ಮಾಡಿತು. ಗಿರಣಿಗೆ ಜೋಳ ತಂದವರಿಗೆಲ್ಲ ಹಿಟ್ಟಿನ ಕೈಯಲ್ಲೇ ಬಿಚ್ಚಿ ತೋರಿಸುವುದು.

"ನೋಡ್ರಿ, ಇಲ್ಲಿ ಎರಡ ಅಂಕಿ ಬರದಾರ. ಇದಕ್ಕಿಂತ ಕಮ್ಮಿ ಇರಬಾರ್ದು, ಅದಕ್ಕಿಂತ ಜಾಸ್ತಿ ಇರಬಾರ್ದು. ನನ್ನ ಮಗಂದು ಬರೋಬ್ಬರಿ ನಡಬರಕ ಅದ. ಎಲ್ಲಾ ನಾರ್ಮಲ್! ಹುಡುಗಗ ಏನೂ ಆಗಿಲ್ಲ. ಒಂದ್ ಲಗ್ನಾ ಮಾಡಿದ್ರ ಹಾದಿಗಿ ಬರ್ತಾನ."

ರಿಪೋರ್ಟು ನೋಡಿದ ನೆಂಟರಿಗೂ ಅನುಕೂಲವೇ ಆಯಿತು. ಏನೂ ಇಲ್ಲವೆಂದ ಮೇಲೆ ಹುಡುಗ ಸೋಗು ಹಾಕುತ್ತಾನೆ, ದುಡಿಯಲು ಮೈಗಳ್ಳತನ ಎಂದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಅಪ್ಪನ ಜೊತೆ ಎಷ್ಟು ಸಲ ಕಿತ್ತಾಡಿದೆನೋ! ಆದರೆ ಅಪ್ಪನ ರಿಪೋರ್ಟಿನಿಂದ ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆ. ಗುಳಿಗೆಯಿಂದ ಮಲ್ಲಿನಾಥ ಎಷ್ಟೋ ಸುಧಾರಿಸಿದ್ದ. ಒಂದು ದಿನ ಗುಳಿಗೆ ತಂದ ಅವ್ವನ ಕೈಯನ್ನು ದೂಡಿಬಿಟ್ಟ.

"ನನಗ ರೋಗ ಇಲ್ಲಂತ ಅಪ್ಪ ಊರಿಗೆಲ್ಲಾ ಕಾಗದಾ ತೋರಸ್ತಾನ. ಮತ್ತ ಗುಳಿಗಿ ಯಾಕ ಕೊಡ್ತೀಯಬೇ?" ಎಂದ.

ಅವನ ಮಾತಿನಲ್ಲಿ ತಪ್ಪೇನಿತ್ತು? ಗುಳಿಗೆ ಬಿಟ್ಟ ಮೇಲೆ ಮತ್ತೆ ಮೊದಲಿನ ಹಾಗೆ ಆಗತೊಡಗಿದ. ಆಗ ಯಾರೋ ಅವ್ವನಿಗೆ ಒಂದು ಉಪಾಯ ಹೇಳಿಕೊಟ್ಟರು. ಅವ್ವ ಗುಳಿಗೆಯನ್ನು ಚಮಚದ ಬೆನ್ನಿನಲ್ಲಿ ಅರೆದು ಪುಡಿ ಮಾಡಿ, ಅವನ ತಾಟಿನ ಪುಂಡಿ ಪಲ್ಯದಲ್ಲಿ ಕಲಸತೊಡಗಿದಳು. ಪುಂಡಿ ಸೊಪ್ಪಿನ ಹುಳಿಯಲ್ಲಿ ಯಾವ ಕಹಿಯೂ ಗೊತ್ತಾಗುವುದಿಲ್ಲ ಎಂಬುದು ಅವಳ ಲೆಕ್ಕ. ಪುಂಡಿ ಸಿಗದ ದಿನ ಹುಣಸೆ ಹುಳಿ ಹಾಕಿ ಬೇಳೆ ಮಾಡುವಳು. ಮಲ್ಲಿನಾಥ ತಕರಾರಿಲ್ಲದೆ ಉಣ್ಣುತ್ತಿದ್ದ. ಅವ್ವನ ಜಾಣತನವನ್ನು ನಾವೆಲ್ಲ ಮೆಚ್ಚಿಕೊಂಡೆವು. ಹುಡುಗನೂ ಶಾಂತನಾದ. ಗುಳಿಗೆ ನಿಂತರೂ ಮಗ ಚೆನ್ನಾಗಿದ್ದಾನೆ ಎಂದು ಅಪ್ಪ ಹೊರಗೆ ಹೇಳಿಕೊಂಡು ಓಡಾಡಿದ.

ನಾನು ರಜೆಗೆ ಬಂದಾಗ ಮಲ್ಲಿನಾಥ ಬಸ್ ಸ್ಟ್ಯಾಂಡಿನ ಹತ್ತಿರದ ಅರವಟ್ಟಿಗೆಯಲ್ಲಿ ಕೂರುತ್ತಿದ್ದ. ಪ್ರತಿ ಬೇಸಿಗೆಯಲ್ಲಿ ಅಂಗಡಿಯವರು ಸೇರಿ ಬೇವಿನ ಮರದ ಕೆಳಗೆ ಹಂದರ ಹಾಕಿ, ಮಣ್ಣಿನ ಹರವಿಗಳನ್ನು ಮರಳಿನಲ್ಲಿ ಹೂತು, ಹೋಗಿ ಬರುವವರಿಗೆ ನೀರು ಕೊಡುವ ಜಾಗ ಅದು. ನೀರು ಕೊಡಲು ತಾಳ್ಮೆಯ ಮನುಷ್ಯ ಬೇಕಿತ್ತು. ನಮ್ಮವನು ಸಿಕ್ಕ. ಗಿರಣಿಯ ಗದ್ದಲ ಅವನಿಗೆ ಆಗುತ್ತಿರಲಿಲ್ಲ, ಇಲ್ಲಿ ನೆಮ್ಮದಿಯಾಗಿರುತ್ತಿದ್ದ. ಜನರೂ ಅವನನ್ನು ಮಾತಾಡಿಸುತ್ತಿದ್ದರು. ಇಷ್ಟು ದಿನ ಅವನನ್ನು ಕಂಡರೆ ಬದಿಗೆ ಸರಿಯುತ್ತಿದ್ದವರು ಅವನ ಕೈಯಿಂದ ನೀರು ಕುಡಿದು, "ಪುಣ್ಯಾತ್ಮ ಅದೀ ನೋಡಪಾ" ಎಂದು ಹೋಗುವುದನ್ನು ನಾನು ನಿಂತು ನೋಡುತ್ತಿದ್ದೆ.

ಒಂದೇ ವಿಷಯ ವಿಚಿತ್ರ. ಅವನು ಬೇರೆಯವರಿಗೆ ಒಂದು ತಂಬಿಗೆ ಕೊಟ್ಟರೆ ತಾನೂ ಒಂದು ತಂಬಿಗೆ ಕುಡಿಯುತ್ತಿದ್ದ. ಮನೆಯಲ್ಲಿ ಊಟವಾದ ಕೂಡಲೇ ಹರವಿಯ ಹತ್ತಿರ ನಿಂತು ಕುಡಿದದ್ದೇ ಕುಡಿದದ್ದು. ನುಂಗಲಾಗದೆ ಕಣ್ಣಲ್ಲಿ ನೀರು ಬಂದರೂ ಬಿಡುತ್ತಿರಲಿಲ್ಲ.

"ಇಷ್ಟ ಯಾಕ ಕುಡಿತಾನಬೇ ಇವ?" ಎಂದು ಅವ್ವನನ್ನು ಕೇಳಿದೆ.

"ಕುಡಿಲಿ ಬಿಡಬೇ. ಉಷ್ಣ ತಲಿಗಿ ಏರೇ ಅವನಿಗಿ ಹಿಂಗ ಆಗ್ಯದ. ನೀರ್ ಹೊಟ್ಟಿಗಿ ಬಿದ್ದಷ್ಟೂ ತಲಿ ತಂಪಾಗ್ತದ" ಎಂದಳು.

ನಾನೂ ಒಪ್ಪಿಕೊಂಡೆ. ನಮ್ಮ ಊರಿನ ಬಿಸಿಲು ಕಂಡವರಾರೂ ಇದಕ್ಕೆ ಎದುರಾಡಲಾರರು. ಹೊಸ್ತಿಲ ಆಚೆ ಕಾಲಿಟ್ಟರೆ ಕಣ್ಣಿಗೆ ಕತ್ತಲೆ ಬರುವ ಬಿಸಿಲದು. ನಮ್ಮ ಕಡೆ ಯಾರ ಮನೆಗೆ ಹೋದರೂ ಮೊದಲು ತಂಬಿಗೆ ನೀರು ಕೊಟ್ಟು ಆಮೇಲೆ ಮಾತು. ಅಂಥಲ್ಲಿ ನೀರು ಕಡಿಮೆ ಕುಡಿ ಎಂದು ಹೇಳಲು ಯಾರ ನಾಲಿಗೆ ತಾನೇ ಏಳುತ್ತದೆ? ಅವನ ಮುಖ ಊದಿಕೊಂಡಿತ್ತು. ತಲೆ ನೋಯುತ್ತದೆ ಎನ್ನುತ್ತಿದ್ದ, ಸಂಜೆ ಹೊತ್ತು ವಾಂತಿ ಮಾಡುತ್ತಿದ್ದ, ನಡೆಯುವಾಗ ಜೋಲಿ ಹೊಡೆಯುತ್ತಿದ್ದ. ಎಲ್ಲದಕ್ಕೂ ನಮ್ಮ ಹತ್ತಿರ ಉತ್ತರ ಸಿದ್ಧವಿತ್ತು: ಬಿಸಿಲು. ಅವ್ವ ಅವನಿಗಾಗಿ ಇನ್ನೊಂದು ಹೊಸ ಹರವಿ ತಂದಿಟ್ಟಳು.

ಒಂದು ಮಧ್ಯಾಹ್ನ ಬಸ್ ಸ್ಟ್ಯಾಂಡಿನ ಚಹಾದ ಅಂಗಡಿಯವರು ಏದುಸಿರು ಬಿಡುತ್ತ ಗಿರಣಿಗೆ ಓಡಿ ಬಂದರು. ನಾನು ಅಪ್ಪನಿಗೆ ಬುತ್ತಿ ಕೊಡಲು ಅಲ್ಲೇ ಬಂದಿದ್ದೆ.

"ಮಲ್ಲು ಬಿದ್ದಾನ್ರೀ! ಕೈಕಾಲು ಬಡ್ಯಾಕತ್ತಾನ, ಬಾಯಾಗ ನೊರಿ ಬಂದದ. ಜಲ್ದಿ ಬರ್ರಿ!"

ಅಪ್ಪ ಗಿರಣಿಯನ್ನು ಹಾಗೇ ಬಿಟ್ಟು ಓಡಿದ. ನಾನು ಹಿಂದೆ ಓಡಿದೆ. ಹೋಗಿ ನೋಡಿದರೆ, ತಮ್ಮ ನೆಲದ ಮೇಲೆ ಬಿದ್ದಿದ್ದ. ಕಣ್ಣು ಮೇಲೆ ಸಿಕ್ಕಿಕೊಂಡಿತ್ತು, ಹಲ್ಲು ಕಚ್ಚಿತ್ತು. ಸುತ್ತ ಕೆಸರೋ ಕೆಸರು. ಸೇರಿದ ಜನ ಅವನ ಮೈಮೇಲೆ ಕೊಡಗಟ್ಟಲೆ ನೀರು ಸುರಿದಿದ್ದರು. "ಬಿಸಲ ಬಡದದ, ನೀರ್ ಕುಡಸ್ರಿ" ಎಂದು ಎಲ್ಲರದೂ ಒಂದೇ ಕೂಗು. ಕೈಕಾಲಿನ ಸೆಳವು ನಿಂತು ಬಾಯಿ ಸಡಿಲವಾದ ಕೂಡಲೇ ಒಬ್ಬರು ತಂಬಿಗೆಯಿಂದ ಬಾಯಿಗೆ ನೀರು ಬಿಡುತ್ತಿದ್ದರು. ಅವರಲ್ಲಿ ಒಬ್ಬರಿಗಾದರೂ ಕೆಟ್ಟ ಮನಸ್ಸಿರಲಿಲ್ಲ.

ತರಕಾರಿ ಇಳಿಸಲು ಬಂದಿದ್ದ ಮಟಾಡೋರ್ ವ್ಯಾನು ಒಂದು ನಿಂತಿತ್ತು. ಅದರಲ್ಲೇ ಅವನನ್ನು ಮಲಗಿಸಿಕೊಂಡು ಗುಲಬರ್ಗಾಕ್ಕೆ ಹೊರಟೆವು. ಅವ್ವನೂ ಓಡಿ ಬಂದು ಹತ್ತಿದಳು. ಅವಳ ಕೈಯಲ್ಲಿ ನೀರು ತುಂಬಿದ ಕೊಡ. ದಾರಿಯುದ್ದಕ್ಕೂ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಟವೆಲು ತೋಯಿಸಿ ಹಣೆಗೆ ಹಾಕಿದಳು. ನಡುವೆ ಒಮ್ಮೆ ಅವನು ಕಣ್ಣು ಬಿಟ್ಟು "ನೀರು" ಎಂದ. ನಮಗೆಲ್ಲ ಹೋದ ಜೀವ ಬಂದಂತಾಯಿತು. ಅವ್ವ ಅಳುತ್ತ, ನಗುತ್ತ ಅವನಿಗೆ ಹೊಟ್ಟೆ ತುಂಬ ಕುಡಿಸಿದಳು. ಸ್ವಲ್ಪ ದೂರ ಹೋಗುವುದರೊಳಗೆ ಅವನಿಗೆ ಮತ್ತೆ ಸೆಳವು ಬಂತು. ಈ ಸಲ ನಿಂತ ಮೇಲೂ ಎಚ್ಚರವಾಗಲಿಲ್ಲ. ಕರೆದರೆ ಓಗೊಡಲಿಲ್ಲ. ಗೊರಗೊರ ಉಸಿರು ಮಾತ್ರ ಇತ್ತು. ಅಪ್ಪ ಡ್ರೈವರನ ಭುಜ ಹಿಡಿದುಕೊಂಡು ಕೂತಿದ್ದ.

ಗುಲಬರ್ಗಾದ ದವಾಖಾನೆಯಲ್ಲಿ ನಮ್ಮನ್ನು ನೋಡಿದವರು ಒಬ್ಬ ಲೇಡಿ ಡಾಕ್ಟರು. ನನ್ನದೇ ವಯಸ್ಸಿನವರು. ಸೂಜಿ ಹಾಕಿ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದಾಗ ಅದನ್ನು ನೋಡಿ ಹುಬ್ಬು ಗಂಟಿಕ್ಕಿದರು. "ಎಲ್ಲೋ ತಪ್ಪಾಗ್ಯದ" ಎಂದು ಮತ್ತೆ ರಕ್ತ ತೆಗೆದು ಕಳಿಸಿದರು. ಎರಡನೆಯ ಸಲವೂ ಅದೇ ಬಂತು. ಆಗ ಅವರು ನಮ್ಮ ಕಡೆ ತಿರುಗಿದರು.

"ಇವ್ರು ದಿನಾ ಎಷ್ಟ್ ನೀರ್ ಕುಡಿತಾರ?"

ಅವ್ವನಿಗೆ ಆ ಹೊತ್ತಿನಲ್ಲೂ ಒಂದು ಹೆಮ್ಮೆ. "ಭಾಳ ಕುಡಿತಾನ್ರೀ ಡಾಕ್ಟರಮ್ಮ. ನೀರಿಗಿ ನಾವು ಒಂದಿನಾ ಬ್ಯಾಡ ಅಂದಿಲ್ರಿ. ಹರವಿಗಟ್ಟಲೆ ಕುಡಿತಾನ."

ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು. "ಅಮ್ಮಾ, ಇವ್ರಿಗಿ ಬಿಸಲ ಬಡದಿಲ್ಲ. ನೀರೇ ಬಡದದ" ಎಂದರು.

ನಮಗೆ ಏನೂ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ನಮ್ಮ ರಕ್ತದಲ್ಲಿ ಉಪ್ಪಿನ ಅಂಶ ಇರುತ್ತದಂತೆ, ಅದಕ್ಕೆ ಸೋಡಿಯಂ ಎನ್ನುತ್ತಾರಂತೆ. ಆರೋಗ್ಯವಂತರಲ್ಲಿ ಅದು ನೂರಾ ಮೂವತ್ತೈದರಿಂದ ನೂರಾ ನಲವತ್ತೈದರ ನಡುವೆ ಇರಬೇಕು. ನನ್ನ ತಮ್ಮನದು ನೂರಾ ಎಂಟಕ್ಕೆ ಇಳಿದಿತ್ತು. ಮೂತ್ರದಲ್ಲಿ ಹೊರಗೆ ಹೋಗುವುದಕ್ಕಿಂತ ಹೆಚ್ಚು ನೀರು ಒಳಗೆ ಬಿದ್ದು, ರಕ್ತ ತೆಳ್ಳಗಾಗಿ, ಮೆದುಳು ಊದಿಕೊಂಡಿತ್ತು. ಸೆಳವು ಬಂದದ್ದು ಅದರಿಂದ. ನಾನು ತಮ್ಮನ ಬೇನೆಯ ಹೆಸರು ಹೇಳಿದಾಗ, ಈ ಮನೋರೋಗ ಇದ್ದವರಲ್ಲಿ ಕೆಲವರಿಗೆ ಹೀಗೆ ನೀರು ಕುಡಿಯುವ ಚಟ ಹತ್ತುತ್ತದೆ ಎಂದರು.

ಅಪ್ಪ ಕಿಸೆಯೊಳಗಿನ ಆ ಹಳೆಯ ರಿಪೋರ್ಟು ತೆಗೆದ. ಮಡಚಿ ಮಡಚಿ ನಾಲ್ಕು ತುಂಡಾಗುವ ಹಾಗಿತ್ತು.

"ಖರೇ ಹೇಳ್ತೇನ್ರಿ ಮೇಡಂ, ಹೋದ್ ಸಲಾ ಎಲ್ಲಾ ನಾರ್ಮಲ್ ಇತ್ರಿ. ನೋಡ್ರಿ ಬೇಕಾದ್ರ. ಅವನಿಗಿ ಏನೂ ಇರಲಿಲ್ರಿ."

ಡಾಕ್ಟರು ಅದನ್ನು ಪೂರ್ತಿ ಓದಿದರು. ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. "ಅವತ್ತ ಇದೆಲ್ಲಾ ನಾರ್ಮಲ್ ಇತ್ತು, ಖರೇ. ಆದ್ರ ಯಜಮಾನ್ರೆ, ಆ ಬೇನಿ ರಕ್ತದಾಗ ಕಾಣಂಗಿಲ್ಲ. ನಾರ್ಮಲ್ ಅಂದ್ರ ನಾವು ನೋಡಿದ್ದು ಅಷ್ಟ ಸರಿ ಅದ ಅಂತ. ಮನಷ್ಯಾ ಆರಾಮ ಇದ್ದಾನಂತ ಅಲ್ಲ" ಎಂದರು.

ಅಪ್ಪ ಆ ಕಾಗದವನ್ನು ಮತ್ತೆ ಮಡಚಲಿಲ್ಲ. ಕೈಯಲ್ಲೇ ಹಿಡಿದುಕೊಂಡು ಗೋಡೆಗೆ ಒರಗಿ ಕೂತುಬಿಟ್ಟ. ನಾನು ಜೀವಮಾನವಿಡೀ ಅಪ್ಪನ ಜೊತೆ ವಾದ ಮಾಡಿ ಗೆಲ್ಲಬೇಕೆಂದುಕೊಂಡವಳು. ಅವತ್ತು ಗೆದ್ದಿದ್ದೆ, ಆದರೆ ಅವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಉಪ್ಪಿನ ದ್ರಾವಣವನ್ನು ಹನಿ ಹನಿಯಾಗಿ ಏರಿಸತೊಡಗಿದರು. ಬೇಗ ಏರಿಸಿದರೆ ಮೆದುಳಿಗೇ ಅಪಾಯವಂತೆ. ಇಳಿದದ್ದು ಅಪಾಯ, ಅವಸರವಾಗಿ ಏರಿದರೂ ಅಪಾಯ. ಬದುಕುತ್ತಾನೋ ಇಲ್ಲವೋ ಎಂದು ನಾನು ಕೇಳಿದ್ದಕ್ಕೆ ಡಾಕ್ಟರು, "ನಿಮ್ಮ ಕಡಿಂದ ಒಂದ ಕೆಲಸಾ ಆಗ್ಬೇಕು. ನಾ ಹೇಳೂತನಕಾ ಇವ್ರ ಬಾಯಿಗಿ ಒಂದ ಹನಿ ನೀರ್ ಬೀಳಬಾರ್ದು. ಎಷ್ಟ್ ಕೇಳಿದ್ರೂ ಕೊಡಬ್ಯಾಡ್ರಿ. ಕೊಟ್ರ ಮತ್ತ ಸೆಳವು ಬರ್ತದ, ಆಗ ಏನೂ ಹೇಳಾಕ ಆಗಂಗಿಲ್ಲ" ಎಂದರು.

ಮೇ ತಿಂಗಳು. ಗುಲಬರ್ಗಾ. ಮಗನಿಗೆ ನೀರು ಕೊಡಬೇಡ ಎಂದು ತಾಯಿಗೆ ಹೇಳುವುದು! ಅವ್ವ ಡಾಕ್ಟರರನ್ನೇ ದಿಟ್ಟಿಸಿ ನೋಡಿದಳು. ಇವರಿಗೆ ತಲೆ ಕೆಟ್ಟಿದೆ ಎಂದು ಅವಳಿಗೆ ಅನ್ನಿಸಿರಬೇಕು. ನನಗೂ ಒಂದು ಕ್ಷಣ ಹಾಗೇ ಅನ್ನಿಸಿತ್ತು.

ಮರುದಿನ ಮಲ್ಲಿನಾಥನಿಗೆ ಎಚ್ಚರವಾಯಿತು. ಎಚ್ಚರವಾದದ್ದೇ ನೀರು ಕೇಳಿದ. ಮೊದಮೊದಲು ಮೆಲ್ಲಗೆ ಕೇಳಿದ. ನಂತರ ಅಂಗಲಾಚಿದ. "ಯವ್ವಾ, ಒಂದ ಗುಟುಕ. ನಿನ್ನ ಕಾಲ ಬೀಳ್ತೇನಿ. ಒಂದ ಗುಟುಕಬೇ" ಎಂದು ಕೈ ಮುಗಿದ. ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿ ನಿಂತಳು. ಒಮ್ಮೆ ಸೂಜಿಯನ್ನು ಕಿತ್ತುಕೊಂಡು ಬಚ್ಚಲಿನ ನಲ್ಲಿಗೆ ಓಡಿದ. ಅಪ್ಪ ಅಡ್ಡ ನಿಂತು ಅವನನ್ನು ಅಪ್ಪಿ ಹಿಡಿದುಕೊಂಡ. ಮಗ ಅಪ್ಪನ ಎದೆಗೆ ಗುದ್ದುತ್ತಿದ್ದ. ಅಪ್ಪ ಗುದ್ದಿಸಿಕೊಳ್ಳುತ್ತ, "ಬ್ಯಾಡೋ ನನ್ನಪ್ಪಾ, ಬ್ಯಾಡೋ" ಎನ್ನುತ್ತಿದ್ದ.

ವಾರ್ಡಿನ ಜನ ಇದನ್ನೆಲ್ಲ ನೋಡುತ್ತಿದ್ದರು. ಪಕ್ಕದ ಮಂಚದಲ್ಲಿ ಜೇವರ್ಗಿ ಕಡೆಯ ಅಂದೋಲಾದವರೊಬ್ಬರು ಮಲಗಿದ್ದರು. ಅವರ ಆರೈಕೆಗೆ ಅವರ ಹೆಂಡತಿ, ಒಬ್ಬ ಮುದುಕಿ, ಕೂತಿದ್ದಳು. ಅವಳು ನಮಗೆ ಕೇಳಿಸುವಂತೆಯೇ ಬೈಯುತ್ತಿದ್ದಳು. "ಎಂಥಾ ಹೆತ್ತಾಕಿ ಇವಳು! ಮಗಾ ನೀರ್ ನೀರ್ ಅಂತ ಸಾಯಾಕತ್ತಾನ, ಕಲ್ಲಿನಂಗ ನಿಂತಾಳ." ನಾನು ವಿವರಿಸಲು ಹೋದೆ. ಮುದುಕಿ ಕೈ ಒದರಿ ಮುಖ ತಿರುಗಿಸಿದಳು.

ಮಧ್ಯಾಹ್ನ ಅಪ್ಪ, ಅವ್ವನನ್ನು ಬಲವಂತದಿಂದ ಕೆಳಗೆ ಚಹಾ ಕುಡಿಸಲು ಕರೆದುಕೊಂಡು ಹೋಗಿದ್ದ. ತಮ್ಮ ನಿದ್ದೆ ಹೋದಂತಿತ್ತು. ನಾನು ಔಷಧದ ಚೀಟಿ ಹಿಡಿದು ವಾರ್ಡಿನ ಬಾಗಿಲಿನ ತನಕ ಹೋದೆ. ನರ್ಸ್ ಜೊತೆ ಎರಡು ಮಾತಾಡಿ ತಿರುಗಿ ನೋಡಿದರೆ, ಆ ಮುದುಕಿ ಮಲ್ಲಿನಾಥನ ತಲೆಯನ್ನು ತನ್ನ ತೋಳಿನ ಮೇಲೆ ಎತ್ತಿ ಹಿಡಿದಿದ್ದಾಳೆ. ತುಂಬಿದ ತಂಬಿಗೆ ಅವನ ಬಾಯಿಗೆ ಹತ್ತಿದೆ. ಅವನು ಗಟಗಟ ಕುಡಿಯುತ್ತಿದ್ದಾನೆ!

ನಾನು ಕಿರುಚಿದೆ. ಓಡಿ ಹೋಗಿ ತಂಬಿಗೆಯನ್ನು ಬಡಿದೆ. ಅದು ಠಣ್ಣೆಂದು ನೆಲಕ್ಕೆ ಬಿತ್ತು. ಒಳಗೆ ಒಂದು ಹನಿಯೂ ಉಳಿದಿರಲಿಲ್ಲ.

"ಏನ್ ಮಾಡಿದ್ರಿ ನೀವು! ಅವ ಸಾಯ್ತಾನ್ರೀ!" ಎಂದು ಕೂಗಿದೆ.

ಮುದುಕಿ ಹೆದರಲಿಲ್ಲ. ನೆಟ್ಟಗೆ ನಿಂತು, "ಚೀರಬ್ಯಾಡ ತಂಗಿ. ಸತ್ತ ಮ್ಯಾಗ ಬಾಯಾಗ ನೀರ್ ಬಿಡ್ತೀರಿ. ಜೀವ ಇದ್ದಾಗ ಒಂದ ತಂಬಿಗಿ ಬಿಟ್ರ ತಪ್ಪೇನು?" ಎಂದಳು.

ಅವಳ ಜಾಗದಲ್ಲಿ ಹಿಂದಿನ ವಾರದ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಡಾಕ್ಟರು ಓಡಿ ಬಂದರು, ಹಿಂದೆಯೇ ಅಪ್ಪ, ಅವ್ವನೂ ಬಂದರು. ಮಲ್ಲಿನಾಥ ವಾಂತಿ ಮಾಡಿಕೊಂಡ. ಮಾತು ತೊದಲತೊಡಗಿತು. ಅಪ್ಪನನ್ನು ಕಂಡು ಯಾರು ನೀನು ಎಂದು ಕೇಳಿದ. ಸ್ವಲ್ಪ ಹೊತ್ತಿನಲ್ಲಿ ಕೈಕಾಲು ಸೆಟೆದವು. ಸುತ್ತ ಪರದೆ ಎಳೆದರು, ನಮ್ಮನ್ನು ಹೊರಗೆ ಕಳಿಸಿದರು. ಆ ಮುದುಕಿಯೂ ನಮ್ಮ ಜೊತೆ ಹೊರಗೆ ಬಂದಳು. ಅವಳ ಮುಖ ಸುಣ್ಣದ ಹಾಗಾಗಿತ್ತು. ತಾನು ಕೊಟ್ಟದ್ದು ಬರಿ ನೀರು, ದೇವರಾಣೆ ಬರಿ ನೀರು ಎಂದು ಅವ್ವನ ಕೈ ಹಿಡಿದು ಹೇಳುತ್ತಲೇ ಇದ್ದಳು. ಅವ್ವ ಅವಳಿಗೆ ಬೈಯುತ್ತಾಳೆ ಎಂದುಕೊಂಡೆ. "ಗೊತ್ತದ ಯಕ್ಕಾ. ನಾನೂ ಅದನ ಕೊಟ್ಟೇನಿ" ಎಂದಳು ಅವ್ವ. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಅತ್ತರು.

ದೇವರು ದೊಡ್ಡವನು. ಸಂಜೆಯ ಹೊತ್ತಿಗೆ ಡಾಕ್ಟರು ಹೊರಗೆ ಬಂದು, ಅಪಾಯ ದಾಟಿದಂತಿದೆ ಎಂದರು. ಅಲ್ಲಿಂದ ಮುಂದೆ ಅಂದೋಲಾದ ಮುದುಕಿಯೇ ನಮ್ಮ ಪಾಲಿನ ಪೊಲೀಸ್ ಆದಳು. ಯಾರಾದರೂ ಮರುಕದಿಂದ ತಂಬಿಗೆ ಹಿಡಿದು ಹತ್ತಿರ ಬಂದರೆ ಸಾಕು, "ದೂರ ಸರೀರಿ! ಇವನಿಗಿ ನೀರ್ ಆಗಂಗಿಲ್ಲ!" ಎಂದು ಅರಚುತ್ತಿದ್ದಳು. ಬಚ್ಚಲಿನ ಚೆಂಬನ್ನೂ ಗಂಡನ ಮಂಚದ ಕೆಳಗೆ ಬಚ್ಚಿಟ್ಟುಕೊಂಡಿದ್ದಳು. ಉಳಿದ ರೋಗಿಗಳು ಅದಕ್ಕಾಗಿ ಅವಳ ಜೊತೆ ಜಗಳಕ್ಕೆ ಬಿದ್ದದ್ದನ್ನು ನೆನೆದರೆ ಈಗ ನಗು ಬರುತ್ತದೆ.

ಮಲ್ಲಿನಾಥನ ರಕ್ತದ ಉಪ್ಪು ನಿಧಾನವಾಗಿ ಏರಿತು. ಚಹಾದ ಕಪ್ಪಿನಲ್ಲಿ ಅಳತೆ ಮಾಡಿ ನೀರು ಕೊಡಲು ಅನುಮತಿ ಸಿಕ್ಕಿತು. ಒಂದು ಬೆಳಿಗ್ಗೆ ಡಾಕ್ಟರು ಅವನ ಮಂಚದ ಮೇಲೆ ಕೂತರು. ನಾವೆಲ್ಲ ಅಲ್ಲೇ ಇದ್ದೆವು. ಗುಳಿಗೆಯಿಂದ ಬಾಯಿ ಒಣಗುವುದುಂಟು, ಆದರೆ ಅದಕ್ಕೆ ಇಷ್ಟು ನೀರು ಬೇಕಾಗುವುದಿಲ್ಲ ಎನ್ನುತ್ತ, ಅವನನ್ನೇ ಕೇಳಿದರು.

"ಮಲ್ಲಿನಾಥ, ನಿಮಗ ಅಷ್ಟ ನೀರಡಿಕಿ ಆಗ್ತಿತ್ತೇನು?"

"ಇಲ್ರಿ."

"ಮತ್ತ ಯಾಕ ಕುಡಿತಿದ್ರಿ?"

ಅವನು ಅವ್ವನ ಕಡೆ ಒಮ್ಮೆ ನೋಡಿದ. ಹೇಳಲೋ ಬೇಡವೋ ಎಂದು ತಡವರಿಸಿದ. ಆಮೇಲೆ ದನಿ ತಗ್ಗಿಸಿ ಡಾಕ್ಟರಿಗೆ ಹೇಳಿದ.

"ಊಟದಾಗ ವಿಷಾ ಹಾಕ್ತಾರ್ರಿ. ನಾ ಕಣ್ಣಾರೆ ನೋಡೇನಿ. ಅವ್ವ ಏನೋ ಪುಡಿ ಮಾಡಿ ಪುಂಡಿ ಪಲ್ಯಾದಾಗ ಕಲಸ್ತಾಳ. ನೀರ್ ಕುಡದ್ರ ಒಳಗಿಂದೆಲ್ಲಾ ತೊಳದ್ ಹೋಗ್ತದ ಅಂತ ಕುಡಿತಿದ್ದೆ."

ಅವನಿಗೆ ಕಾಣುವಂತೆಯೇ ಎಲ್ಲವೂ ನಡೆದಿತ್ತು. ನಾವು ಮುಚ್ಚಿಟ್ಟಿದ್ದೇವೆ ಎಂದುಕೊಂಡ ದಿನಗಳಲ್ಲೆಲ್ಲ ಅವನು ಬಾಗಿಲ ಸಂದಿಯಿಂದ ನೋಡುತ್ತಿದ್ದ. ಹೆತ್ತ ತಾಯಿ ಕದ್ದು ಮುಚ್ಚಿ ತಾಟಿನಲ್ಲಿ ಪುಡಿ ಬೆರೆಸುವುದನ್ನು ನೋಡಿದವನಿಗೆ, ಅದೂ ಮೊದಲೇ ಸಂಶಯದ ರೋಗ ಇದ್ದವನಿಗೆ, ಇನ್ನೇನು ಅನ್ನಿಸಬೇಕಿತ್ತು?

ಡಾಕ್ಟರಿಗೂ ಆಶ್ಚರ್ಯವಾಗಿತ್ತು. "ವಿಷಾ ಅಂತ ಗೊತ್ತಿದ್ದೂ ಯಾಕ ಉಣ್ತಿದ್ರಿ? ತಾಟ ಸರಿಸಿ ಏಳಬೇಕಿತ್ತಲ್ಲ?"

ಅವನು ಇದೂ ಒಂದು ಪ್ರಶ್ನೆಯೇ ಎಂಬಂತೆ ಅವರನ್ನು ನೋಡಿದ.

"ಉಣಲಿಲ್ಲಂದ್ರ ಅವ್ವ ಅಳ್ತಾಳ್ರಿ" ಎಂದ.

ಅಪ್ಪ ಎದ್ದು ಹೊರಗೆ ಹೋದ. ಅವ್ವ ಮಗನ ಹತ್ತಿರ ಬಂದಳು. ನರ್ಸ್ ಕೈಯಿಂದ ಗುಳಿಗೆಯನ್ನು ಇಸಿದುಕೊಂಡು, ಅಂಗೈ ಬಿಚ್ಚಿ ಅವನ ಮುಂದೆ ಹಿಡಿದಳು.

"ನೋಡು ಮಲ್ಲೂ, ಇದನ ಹಾಕ್ತಿದ್ದೆ. ವಿಷಾ ಅಲ್ಲೋ ನನ್ನ ರಾಜಾ. ನಿನ್ನ ಗುಳಿಗಿ ಇದು. ನೀ ಒಲ್ಲೆ ಅಂದಿ ಅಂತ ಕಲಸಿದೆ."

ಅವನು ಆ ಗುಳಿಗೆಯನ್ನು ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಪೂರ್ತಿ ನಂಬಿದನೋ ಇಲ್ಲವೋ ನನಗೆ ಗೊತ್ತಿಲ್ಲ. ಬಾಯಿಗೆ ಹಾಕಿಕೊಂಡು, ಡಾಕ್ಟರು ಕೊಟ್ಟ ಒಂದು ಗುಟುಕು ನೀರಿನಲ್ಲಿ ನುಂಗಿದ. ಆಮೇಲೆ ಅವ್ವನನ್ನು ಕೇಳಿದ.

"ಹಿಂಗ ಖುಲ್ಲಾ ಕೊಡಾಕ ಬರ್ತಿರಲಿಲ್ಲೇನಬೇ?"

ಮರುದಿನದಿಂದ ಅವ್ವ ಗುಳಿಗೆಯನ್ನು ಅಂಗೈಯಲ್ಲಿ ತೋರಿಸಿಯೇ ಕೊಟ್ಟಳು.

ಇದಾಗಿ ಎಷ್ಟೋ ವರ್ಷಗಳು ಕಳೆದವು. ಅಪ್ಪ, ಅವ್ವ ಈಗಿಲ್ಲ. ನಾನು ನೌಕರಿಯಿಂದ ನಿವೃತ್ತಳಾಗಿದ್ದೇನೆ. ಮಲ್ಲಿನಾಥ ನನ್ನ ಜೊತೆಗೇ ಇದ್ದಾನೆ. ಕೆಲವು ದಿನ ಒಳ್ಳೆಯವು, ಕೆಲವು ಕೆಟ್ಟವು. ಬೇನೆ ಪೂರ್ತಿ ಹೋಗಿಲ್ಲ, ಹೋಗುತ್ತದೆ ಎಂದು ಡಾಕ್ಟರು ಹೇಳಿಯೂ ಇಲ್ಲ. ಆಗಾಗ ಅವನ ರಕ್ತದ ಉಪ್ಪು ನೋಡಿಸುತ್ತೇವೆ. ಗುಳಿಗೆಯನ್ನು ಅವನೇ ಡಬ್ಬಿಯಿಂದ ತೆಗೆದು ನನಗೆ ತೋರಿಸಿ ನುಂಗುತ್ತಾನೆ. ಅವನಿಗೆ ಹೇಳದೆ ಅವನ ತಾಟಿಗೆ ನಾವು ಮತ್ತೆಂದೂ ಏನನ್ನೂ ಹಾಕಲಿಲ್ಲ.

ಆದರೂ ಊಟಕ್ಕೆ ಬಡಿಸುವಾಗ ಒಮ್ಮೊಮ್ಮೆ ಅವ್ವನ ಪುಂಡಿ ಪಲ್ಯ ನೆನಪಾಗುತ್ತದೆ. ಆ ವರ್ಷವೆಲ್ಲ ನಾವು ಅವನನ್ನು ಬುದ್ಧಿ ಕೆಟ್ಟವನು, ಅವನಿಗೇನು ತಿಳಿಯುತ್ತದೆ ಎಂದು ಅವನ ಎದುರಿಗೇ ಆಡಿಕೊಂಡಿದ್ದೆವು. ಅವನೋ, ಪ್ರತಿ ತುತ್ತಿನಲ್ಲಿ ವಿಷವಿದೆ ಎಂದು ನಂಬಿಯೂ, ಅವ್ವ ಅಳಬಾರದು ಎಂದು ತಾಟು ಖಾಲಿ ಮಾಡಿ ಏಳುತ್ತಿದ್ದ.